ಕೂತು, ಏರಿ, ತೂರಿ ಮಾಡುವ ಕೆಲಸ ಯಾರದು? ಒಂದು ಪುಟ್ಟ ಟ್ರೇಲರ್‌ನ ಪ್ರಕರಣ

ಹಿನ್ನೆಲೆ

ಎಪ್ಪತ್ತರ ಆಸುಪಾಸಿನ ಗಂಡ-ಹೆಂಡತಿ, ಅವರದೊಂದು ಚಿಕ್ಕ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಅದನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಅಂತ ಮನೆಯಲ್ಲಿ ಚರ್ಚೆ ಶುರುವಾಯಿತು. ಪ್ರಕರಣ ಇಷ್ಟೇ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅವರನ್ನು ಯಜಮಾನರು, ಅಮ್ಮ ಅಂತಲೇ ಕರೆಯುತ್ತೇನೆ. ಇಂಥ ಟ್ರೇಲರ್‌ಗಳನ್ನು ಪರೀಕ್ಷಿಸಿ, ಯಾವುದು ರಿಪೇರಿ ಆಗಬೇಕು, ಯಾವುದು ಬೇಡ ಅಂತ ಹೇಳುವುದು ನನ್ನ ಕೆಲಸ.

ಟ್ರೇಲರ್ ಸುಮಾರು ಐದು ಮೀಟರ್ ಉದ್ದ, ಒಂದೇ ಆಕ್ಸಲ್. ಸಾಮಾನು ತುಂಬಿದರೆ 1,300 ಕೆಜಿ ಹತ್ತಿರ ಬರುತ್ತದೆ. ಒಳಗೆ ಹಿಂದುಗಡೆ ಅಡ್ಡಕ್ಕೆ ಒಂದು ಹಾಸಿಗೆ, ಊಟದ ಮೇಜು, ಸಣ್ಣ ಒಲೆ, ಫ್ರಿಜ್, ಸ್ನಾನಕ್ಕೂ ಶೌಚಕ್ಕೂ ಒಂದೇ ಪುಟ್ಟ ಕೋಣೆ. ನಿವೃತ್ತಿ ಆದ ಮೇಲೆ ಕೊಂಡದ್ದು. ದೊಡ್ಡದು ಬೇಡ, ಎಳೆಯೋದು ಕಷ್ಟ, ನಿಲ್ಲಿಸೋದು ಇನ್ನೂ ಕಷ್ಟ ಅಂತ ಬೇಕೆಂದೇ ಚಿಕ್ಕದು ಆರಿಸಿದ್ದರು. ಅದು ಒಳ್ಳೆಯ ತೀರ್ಮಾನ.

ಅವರಿರುವ ಕಡೆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಹಾಗಾಗಿ ವರ್ಷದಲ್ಲಿ ಸುಮಾರು ಅರ್ಧ ಕಾಲ ಟ್ರೇಲರ್ ನಿಂತೇ ಇರುತ್ತದೆ. ನಿಲ್ಲಿಸುವ ಮುಂಚಿನ ಕೆಲಸವೆಲ್ಲ ಯಜಮಾನರದ್ದು. ನೀರು ಖಾಲಿ ಮಾಡುವುದು, ಬ್ಯಾಟರಿ, ಟೈರ್, ಚಾವಣಿ, ಹೊದಿಕೆ, ಎಲ್ಲ. ಬರೆದಿಟ್ಟ ಪಟ್ಟಿ ಇಲ್ಲ. ಎಲ್ಲ ತಲೆಯಲ್ಲೇ ಇತ್ತು. ಕೈಚಳಕ ಇರುವ ಮನುಷ್ಯ, ಹಲವು ವರ್ಷ ಏನೂ ತಪ್ಪಲಿಲ್ಲ. ಅಮ್ಮನ ಪಾಲಿಗೆ ಒಳಗಿನ ಕೆಲಸ: ಹಾಸಿಗೆ, ಪಾತ್ರೆ, ಫ್ರಿಜ್ ಒರೆಸಿ ಬಾಗಿಲು ತೆರೆದಿಡುವುದು. ಯಜಮಾನರು ಕೆಳಗೆ ಮಲಗಿ ಪೈಪ್ ನೋಡುವಾಗ ಟಾರ್ಚ್ ಹಿಡಿಯುವುದು.

ಸಮಸ್ಯೆ

ಚಳಿಗಾಲ ಕಳೆದು ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ. ಮುಗ್ಗಲು ಮತ್ತು ಇಲಿಯ ವಾಸನೆ. ಲೈಟ್ ಹತ್ತಲಿಲ್ಲ. ಟ್ಯಾಂಕಿಗೆ ನೀರು ತುಂಬಿ, ಹೊರಗಿನಿಂದ ಕರೆಂಟ್ ಕೊಟ್ಟು ಪಂಪ್ ಹಾಕಿದರೆ, ಅದು ನಿಲ್ಲದೆ ಓಡುತ್ತಲೇ ಇತ್ತು. ಮೇಜಿನ ಕೆಳಗಿಂದ ನೀರು ಹರಿದು ಬಾಗಿಲ ತನಕ ಬಂತು. ಹಾಸಿಗೆಯ ಮೇಲಿನ ಮೂಲೆಯ ಕಪಾಟಿನಲ್ಲಿ ಕಂದು ಬಣ್ಣದ ಕಲೆ. ಒತ್ತಿದರೆ ಹೆಬ್ಬೆರಳು ಸ್ವಲ್ಪ ಒಳಗೆ ಹೋಗುತ್ತಿತ್ತು.

ಮಗಳು ಫೋನಿನಲ್ಲೇ ಹೇಳಿಬಿಟ್ಟಳು: "ಸಾಕಪ್ಪಾ, ಮಾರಿಬಿಡಿ." ಯಜಮಾನರಿಗೂ ಹಾಗೇ ಅನಿಸಿತ್ತು. ತಮಗೆ ವಯಸ್ಸಾಯಿತು, ಮರೆವು ಬಂತು ಅನ್ನುವುದು ಅವರ ಲೆಕ್ಕ. ನನ್ನನ್ನು ಕರೆಸಿದ್ದು ರಿಪೇರಿ ಮಾಡಿಸೋದಕ್ಕಲ್ಲ, ಇದ್ದ ಸ್ಥಿತಿಯಲ್ಲೇ ಮಾರಿದರೆ ಎಷ್ಟು ಬರಬಹುದು ಅಂತ ಕೇಳೋದಕ್ಕೆ.

ನಾನು ಒಂದೊಂದೇ ನೋಡುತ್ತಾ ಹೋದೆ. ಪಂಪ್‌ನ ತಲೆ ಸೀಳಿತ್ತು. ಹೊರಗೋಡೆಯಲ್ಲಿರುವ ಶವರ್‌ನ ವಾಲ್ವ್ ಒಡೆದಿತ್ತು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಈಗಿನ ಟ್ರೇಲರ್‌ಗಳ ಪ್ಲಾಸ್ಟಿಕ್ ಪೈಪ್ ಸ್ವಲ್ಪ ಬಾಗಿ ತಾಳಿಕೊಳ್ಳಬಹುದು. ಪಂಪ್, ವಾಲ್ವ್, ನಲ್ಲಿಯ ಗಟ್ಟಿ ಭಾಗಗಳು ತಾಳುವುದಿಲ್ಲ. ಆದರೆ ಗೀಸರ್ ಸರಿಯಾಗಿತ್ತು. ಅದರ ನೀರು ಖಾಲಿ ಆಗಿತ್ತು. ಅಡುಗೆ ನಲ್ಲಿ, ಕೈತೊಳೆಯುವ ನಲ್ಲಿ ಎರಡೂ ಸರಿ. ಗ್ಯಾಸ್ ಸಿಲಿಂಡರ್ ವಾಲ್ವ್ ಬಿಗಿಯಾಗಿ ಮುಚ್ಚಿತ್ತು.

ಇಲ್ಲಿ ನನಗೆ ಅನುಮಾನ ಬಂತು. ಮರೆವಾದರೆ ಅಲ್ಲೊಂದು ಇಲ್ಲೊಂದು ತಪ್ಪಬೇಕು. ಇಲ್ಲಿ ಹಾಗಿರಲಿಲ್ಲ. ನಿಂತುಕೊಂಡು ಕೈಗೆ ಸಿಗುವ ಕೆಲಸವೆಲ್ಲ ಆಗಿತ್ತು. ಗೀಸರ್‌ನ ಬಿರಡೆ ಹೊರಗಿನಿಂದ, ಬಗ್ಗದೆ ಸಿಗುವ ಜಾಗದಲ್ಲಿದೆ. ಹೊರಗಿನ ಶವರ್ ಇನ್ನೊಂದು ಪಕ್ಕದಲ್ಲಿ, ಚಕ್ರದ ಹಿಂದೆ, ಕುಕ್ಕರುಗಾಲಲ್ಲಿ ಕೂತರೆ ಮಾತ್ರ ಸಿಗುವಷ್ಟು ಕೆಳಗೆ ಇದೆ. ಪಂಪ್ ಮೇಜಿನ ಬೆಂಚಿನ ಒಳಗೆ, ತಲೆ ತೂರಿಸಬೇಕು. ಚಾವಣಿಗೆ ಏಣಿ ಬೇಕು.

ಕೇಳಿದೆ. ಮೊದಲು ಯಜಮಾನರು ಅದೂ ಇದೂ ಅಂದರು. ಆಮೇಲೆ ಮಂಡಿ ನೋವಿನ ವಿಷಯ ಹೊರಗೆ ಬಂತು. ಒಮ್ಮೆ ತಲೆಸುತ್ತು ಬಂದ ಮೇಲೆ ಡಾಕ್ಟರು ಏಣಿ ಹತ್ತಬೇಡಿ ಅಂದಿದ್ದಾರೆ. ಹಾಗಾಗಿ ಎರಡು ವರ್ಷದಿಂದ ಚಾವಣಿ ನೋಡಿಲ್ಲ. ಮೊದಲೆಲ್ಲ ಕಂಪ್ರೆಸರ್ ತಂದು ಗಾಳಿಯಿಂದ ಪೈಪಿನ ನೀರು ಊದಿ, ಆಮೇಲೆ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ಹಾಕುತ್ತಿದ್ದರು. ಹೋದ ಸಲ ಕಂಪ್ರೆಸರ್ ಎತ್ತಲು ಆಗಲಿಲ್ಲ. ಕೆಳಗಿನ ಡ್ರೈನ್ ತೆರೆದು, ನಲ್ಲಿ ತೆರೆದು, "ನೀರು ತಾನೇ ಇಳಿದು ಹೋಗುತ್ತೆ" ಅಂತ ಬಿಟ್ಟಿದ್ದರು. ಇಳಿಯುವ ನೀರು ಇಳಿಯಿತು. ಪಂಪ್ ಒಳಗೆ, ಶವರ್ ವಾಲ್ವ್ ಒಳಗೆ ನಿಂತದ್ದು ನಿಂತೇ ಇತ್ತು.

ಈ ಮಾತೆಲ್ಲ ಹೆಂಡತಿಗೂ ಗೊತ್ತಿರಲಿಲ್ಲ. ಅವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ರೀ, ಕಷ್ಟ ಆಗುತ್ತೆ ಅಂತ ಒಂದು ಮಾತು ಹೇಳಬಾರದಿತ್ತಾ? ಹೇಳಿಕೊಟ್ಟಿದ್ದರೆ ನಾನೇ ಮಾಡ್ತಿದ್ದೆ. ಸುಮ್ನೆ ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ದೆ."

ಪ್ರಕರಣ ತಿರುಗಿದ್ದು ಇಲ್ಲೇ. ಮಾರುವ ಮಾತನ್ನು ಪಕ್ಕಕ್ಕಿಟ್ಟು, ಬೇರೆ ಪ್ರಶ್ನೆ ಕೇಳಿಕೊಂಡರು: ಯಾವ ಕೆಲಸ ಯಜಮಾನರ ಮೈಗೆ ಇನ್ನೂ ಆಗುತ್ತದೆ, ಯಾವುದು ಅಮ್ಮನ ಮೈಗೆ ಆಗುತ್ತದೆ, ಯಾವುದು ಇಬ್ಬರಿಗೂ ಬೇಡ?

ಮೊದಲು ಉಳಿಸಿಕೊಳ್ಳಬಹುದೇ ಅಂತ ನೋಡಿದ್ದು

ತೇವ ಎಷ್ಟು ದೂರ ಹರಡಿದೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಟ್ರೇಲರ್‌ಗಳನ್ನು ಕೊಲ್ಲುವುದು ಎಂಜಿನ್ ಅಲ್ಲ, ಅದಕ್ಕೆ ಎಂಜಿನ್ನೇ ಇಲ್ಲ. ಚಾವಣಿಯಿಂದ ಇಳಿಯುವ ನೀರು ಕೊಲ್ಲುತ್ತದೆ. ಗೋಡೆಯೊಳಗಿನ ಮರ, ಪ್ಲೈವುಡ್ ಹೊರಗೆ ಏನೂ ತೋರಿಸದೆ ಕೊಳೆಯುತ್ತದೆ. ತೇವ ಅಳೆಯುವ ಮೀಟರ್ ಇಟ್ಟು ಆ ಮೂಲೆಯಿಂದ ಎಲ್ಲ ಕಡೆಗೂ ಅಂಗೈ ಅಗಲಕ್ಕೊಂದು ಸಲ ಒತ್ತಿ ನೋಡುತ್ತಾ, ಗೋಡೆಗೆ ಅಂಟಿಸಿದ ಟೇಪ್ ಮೇಲೆ ಅಂಕಿ ಬರೆದೆವು. ಮರದಲ್ಲಿ ತೇವ 15 ಶೇಕಡಾ ಒಳಗಿದ್ದರೆ ನಿಶ್ಚಿಂತೆ. 20 ದಾಟಿದರೆ ಎಲ್ಲಿಂದಲೋ ನೀರು ಬರುತ್ತಿದೆ ಅಂತಲೇ ಲೆಕ್ಕ. ಮೂಲೆಯಲ್ಲಿ ಅಂಕಿ ಜೋರಾಗಿಯೇ ಇತ್ತು. ಆದರೆ ಒಂದು ಮೊಳ ಸರಿದರೆ ಇಳಿಯುತ್ತಿತ್ತು. ನೆಲ ಒಣಗಿತ್ತು. ಪಂಪ್ ಕೆಳಗಿನ ನೆಲ ಒದ್ದೆಯಾದದ್ದು ಅವತ್ತೇ, ಒಣಗಿಸಬಹುದಾದದ್ದು.

ನೀರು ಬರುತ್ತಿದ್ದದ್ದು ಚಾವಣಿಯ ಗಾಳಿಕಿಂಡಿಯ ಸುತ್ತ ಸಂದು ಮುಚ್ಚುವ ಸೀಲೆಂಟಿನ ಬಿರುಕಿನಿಂದ. ಅದರ ಮೇಲೆ ಇನ್ನೊಂದು ತೊಂದರೆ. ಚಾವಣಿ ನೋಡಲಾಗದ್ದಕ್ಕೆ ಯಜಮಾನರು ಇಡೀ ಟ್ರೇಲರ್ ಮೇಲೆ ಪ್ಲಾಸ್ಟಿಕ್ ಟಾರ್ಪಾಲಿನ್ ಎಳೆದು ಹಗ್ಗ ಬಿಗಿದಿದ್ದರು. ಒಳ್ಳೆಯದಕ್ಕೇ ಮಾಡಿದ್ದು. ಆದರೆ ಟಾರ್ಪಾಲಿನ್ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಗಾಳಿಗೆ ಪಟಪಟ ಬಡಿದು ಅಂಚಿನಲ್ಲಿ ಬಣ್ಣ ಕಿತ್ತುಹಾಕಿತ್ತು. ಹೊದಿಸುವುದಾದರೆ ಗಾಳಿ ಆಡುವ ಬಟ್ಟೆಯ ಹೊದಿಕೆ ಬೇಕು, ಚೂಪು ಅಂಚುಗಳಿಗೆ ಸ್ಪಂಜ್ ಸುತ್ತಿರಬೇಕು. ಇಲ್ಲದಿದ್ದರೆ ಏನೂ ಹೊದಿಸದೆ ಬಿಟ್ಟರೂ ಟಾರ್ಪಾಲಿನ್‌ಗಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರೂ ಇದ್ದಾರೆ.

ಒಂದು ಮೂಲೆಯ ರಿಪೇರಿ, ಪಂಪ್, ವಾಲ್ವ್. ಇದರ ಖರ್ಚನ್ನು ಹಾಗೇ ಮಾರಿದರೆ ಬರುವ ಬೆಲೆಯ ಪಕ್ಕ ಇಟ್ಟು ನೋಡಿದರು. ತೇವ ಇರುವ ಟ್ರೇಲರ್‌ಗೆ ಯಾರೂ ಒಳ್ಳೆಯ ಬೆಲೆ ಕೊಡುವುದಿಲ್ಲ. ಮಾರುವುದಾದರೂ ಮೊದಲು ರಿಪೇರಿ ಮಾಡಿಸಲೇಬೇಕು. ಅಲ್ಲಿಗೆ ಅವಸರದ ಮಾರಾಟ ಬಿದ್ದುಹೋಯಿತು.

ಮಾಡಿ ನೋಡಿದ್ದು

ಚಾವಣಿ ಕೆಲಸವನ್ನು ಪೂರ್ತಿ ಹೊರಗಿನವರಿಗೆ ಕೊಟ್ಟರು. ಸೀಸನ್ ಶುರುವಿಗೊಮ್ಮೆ, ಮುಗಿಯುವಾಗೊಮ್ಮೆ ಒಬ್ಬ ಮೆಕ್ಯಾನಿಕ್ ಬಂದು ಮೇಲೆ ಹತ್ತಿ, ಪ್ರತಿ ಜಾಯಿಂಟಿನ ಫೋಟೋ ತೆಗೆದು ಕೊಡಬೇಕು. ಫೋಟೋ ಇಲ್ಲದಿದ್ದರೆ ನೋಡಿದ್ದೇ ಅಲ್ಲ ಅಂತ ಅಮ್ಮ ಕಟ್ಟುನಿಟ್ಟು ಮಾಡಿದರು. ಹಳೆಯ ಬಿರುಕಿನ ಮೇಲೆ ಯಾರೋ ಹಿಂದೆ ಮಾಮೂಲಿ ಸಿಲಿಕೋನ್ ಬಳಿದಿದ್ದರು. ಅದರ ಮೇಲೆ ಮತ್ತೇನೂ ಸರಿಯಾಗಿ ಹಿಡಿಯುವುದಿಲ್ಲ. ಎಲ್ಲ ಕೆರೆದು ತೆಗೆದು, ಆ ಚಾವಣಿಯ ರಬ್ಬರಿಗೆ ಹೊಂದುವ, ತಾನೇ ಹರಡಿಕೊಳ್ಳುವ ಸೀಲೆಂಟ್ ಹಾಕಬೇಕಾಯಿತು. ರಬ್ಬರ್ ಚಾವಣಿಯನ್ನು ಪೆಟ್ರೋಲ್, ಟರ್ಪೆಂಟೈನ್ ಥರದ್ದರಿಂದ ಒರೆಸಬಾರದು, ಉಬ್ಬಿಬಿಡುತ್ತದೆ. ಸೋಪಿನ ನೀರು ಸಾಕು.

ನೀರಿನ ಕೆಲಸವನ್ನು ಅಮ್ಮ ತೆಗೆದುಕೊಂಡರು. ಇದು ಯಜಮಾನರಿಗೆ ಅಷ್ಟು ಸುಲಭಕ್ಕೆ ಜೀರ್ಣ ಆಗಲಿಲ್ಲ. ಮೊದಲ ದಿನ ಅವರು ಹೇಳಿಕೊಡುತ್ತಾ ಹೇಳಿಕೊಡುತ್ತಾ ತಾವೇ ಸ್ಪ್ಯಾನರ್ ಕಸಿದುಕೊಂಡರು. ಎರಡನೇ ಸಲ ಅಮ್ಮ ಅವರನ್ನು ಹೊರಗೆ ಕುರ್ಚಿ ಹಾಕಿ ಕೂರಿಸಿದರು. ಬಾಯಲ್ಲಿ ಹೇಳಬಹುದು, ಕೈ ಹಾಕುವಂತಿಲ್ಲ.

ಕಂಪ್ರೆಸರ್ ಬಿಟ್ಟರು. ಅದನ್ನು ಎತ್ತಲು ಆಗಲ್ಲ ಅನ್ನುವುದು ಒಂದು ಕಾರಣ. ಇನ್ನೊಂದಿದೆ. ಹೊರಗಿನ ನೀರಿನ ಬಾಯಿಂದ ಗಾಳಿ ಊದಿದರೆ ಅದು ಪಂಪ್ ಒಳಗೆ ಹೋಗುವುದಿಲ್ಲ, ಅಲ್ಲಿರುವ ವಾಲ್ವ್ ಹಿಂದಕ್ಕೆ ಬಿಡುವುದಿಲ್ಲ. ಪಂಪನ್ನು ಬೇರೆಯಾಗಿ ಸ್ವಲ್ಪ ಹೊತ್ತು ಓಡಿಸಿ ಖಾಲಿ ಮಾಡಬೇಕು. ಗಾಳಿಯ ಒತ್ತಡ 40 ಪಿಎಸ್‌ಐ ದಾಟಿದರೆ ಜಾಯಿಂಟ್ ಕಿತ್ತುಬರುವ ಭಯವೂ ಇದೆ. ಬದಲಿಗೆ ಪಂಪ್‌ನ ಮುಂಚೆ ಒಂದು ವಾಲ್ವ್ ಮತ್ತು ಗಿಡ್ಡ ಟ್ಯೂಬ್ ಹಾಕಿಸಿದರು. ಟ್ಯೂಬನ್ನು ಆಂಟಿಫ್ರೀಜ್ ಕ್ಯಾನಿಗೆ ಇಳಿಸಿ, ಪಂಪ್ ಹಾಕಿದರೆ ಅದೇ ಹೀರಿಕೊಂಡು ಎಲ್ಲ ನಲ್ಲಿಗೂ ಕಳಿಸುತ್ತದೆ. ದೂರದ ನಲ್ಲಿಯಿಂದ ಶುರು ಮಾಡಿ, ಬಿಸಿ ತಣ್ಣೀರು ಎರಡನ್ನೂ ಆಂಟಿಫ್ರೀಜ್‌ನ ಗುಲಾಬಿ ಬಣ್ಣ ಬರುವ ತನಕ ಬಿಡಬೇಕು. ಇದು ಪ್ರೊಪಿಲೀನ್ ಗ್ಲೈಕಾಲ್‌ನಿಂದ ಮಾಡಿದ, ಕುಡಿಯುವ ನೀರಿನ ಪೈಪಿಗೆ ಅಂತಲೇ ಮಾರುವ ಆಂಟಿಫ್ರೀಜ್ ಆಗಿರಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದರ ಹತ್ತಿರಕ್ಕೂ ಹೋಗಬಾರದು.

ಮೊದಲ ಪ್ರಯತ್ನದಲ್ಲಿ ಎರಡು ಕ್ಯಾನ್ ಖಾಲಿ ಆದರೂ ಬಿಸಿನೀರಿನ ನಲ್ಲಿಯಲ್ಲಿ ಗುಲಾಬಿ ಬಣ್ಣವೇ ಬರಲಿಲ್ಲ. ಅಮ್ಮ ಗಾಬರಿಯಾದರು. ಕುರ್ಚಿಯಲ್ಲಿ ಕೂತಿದ್ದವರು ಅಲ್ಲಿಂದಲೇ "ಬೈಪಾಸ್ ನೋಡು ಕಣೇ" ಅಂದರು. ಬೈಪಾಸ್ ಅಂದರೆ ನೀರು ಗೀಸರ್ ಒಳಗೆ ಹೋಗದೆ ಪಕ್ಕದಿಂದ ದಾಟಿಹೋಗುವ ದಾರಿ. ಗೀಸರ್ ಹಿಂದಿನ ಆ ಬೈಪಾಸ್ ತಿರುಗಿಸದಿದ್ದರೆ ಆಂಟಿಫ್ರೀಜ್ ಎಲ್ಲ 23 ಲೀಟರಿನ ಗೀಸರ್ ಹೊಟ್ಟೆಗೆ ಹೋಗುತ್ತದೆ. ಬೈಪಾಸ್ ಹಾಕಿದರೆ ಇಂಥ ಚಿಕ್ಕ ಟ್ರೇಲರಿಗೆ ಎಂಟು ಹತ್ತು ಲೀಟರ್ ಸಾಕು. ಅಲ್ಲಿ ಮೂರು ವಾಲ್ವ್ ಇವೆ. ನೋಡಲು ಮೂರೂ ಒಂದೇ. ಅಮ್ಮ ಆವತ್ತೇ ಉಗುರುಬಣ್ಣ ತಂದು ಪೈಪಿನ ಮೇಲೆ ಗೆರೆ ಎಳೆದರು: ಕೆಂಪು ಗೆರೆಗೆ ಹಿಡಿ ತಿರುಗಿದ್ದರೆ ಚಳಿಗಾಲ, ನೀಲಿಗೆ ತಿರುಗಿದ್ದರೆ ಬೇಸಿಗೆ. ನಾನು ಇಷ್ಟು ವರ್ಷದಲ್ಲಿ ನೋಡಿದ ಅತಿ ಒಳ್ಳೆಯ ಗುರುತು ಇದು. ಕನ್ನಡಕ ಇಲ್ಲದೆಯೂ ಕಾಣುತ್ತದೆ.

ತಲೆಯಲ್ಲೇ ಇದ್ದ ಕೆಲಸಗಳನ್ನೆಲ್ಲ ಅಮ್ಮ ಈ ಸಲ ಬರೆದಿಟ್ಟರು. ಆ ಪಟ್ಟಿಯ ಬಗ್ಗೆ ಸ್ವಲ್ಪ ಹೇಳಬೇಕು. ಮಾಮೂಲಿ ಪಟ್ಟಿಗಳು ವಿಷಯದ ಪ್ರಕಾರ ಇರುತ್ತವೆ: ನೀರು, ಗ್ಯಾಸ್, ಕರೆಂಟ್, ಚಕ್ರ. ಅಮ್ಮ ಹಾಗೆ ಬರೆಯಲಿಲ್ಲ. ಟ್ರೇಲರನ್ನು ಕಾರಿಗೆ ಸಿಕ್ಕಿಸುವ ಹಿಚ್ ಹತ್ತಿರ ನಿಂತು, ಟ್ರೇಲರ್ ಸುತ್ತ ಒಂದು ಪ್ರದಕ್ಷಿಣೆ ಬಂದು, ಆಮೇಲೆ ಒಳಗೆ ಹೋಗಿ ಬಾಗಿಲಿಂದ ಹಾಸಿಗೆ ತನಕ ಏನೇನು ಸಿಗುತ್ತದೋ ಆ ಕ್ರಮದಲ್ಲಿ ಬರೆದರು. ಪ್ರತಿ ಕೆಲಸದ ಮುಂದೆ ಒಂದು ಅಕ್ಷರ. ‘ನಿ’ ಅಂದರೆ ನಿಂತು ಮಾಡುವುದು. ‘ಸ್ಟೂ’ ಅಂದರೆ ಪುಟ್ಟ ಸ್ಟೂಲ್ ಮೇಲೆ ಕೂತು ಮಾಡುವುದು. ‘ಕ’ ಅಂದರೆ ಕರೆಸಿ ಮಾಡಿಸುವುದು. ಹೊರಗಿನ ಶವರ್ ‘ಸ್ಟೂ’ಗೆ ಬಂತು. ಚಾವಣಿ ‘ಕ’. ವರ್ಷಕ್ಕೊಮ್ಮೆ ಚಕ್ರದ ಬೇರಿಂಗ್ ಬಿಚ್ಚಿ ಗ್ರೀಸ್ ತುಂಬುವುದೂ ‘ಕ’. ಒಂದು ಕೆಲಸ ‘ನಿ’ಯಿಂದ ‘ಸ್ಟೂ’ಗೆ, ‘ಸ್ಟೂ’ಯಿಂದ ‘ಕ’ಗೆ ಬದಲಾದರೆ ಅದನ್ನು ಹೊಡೆದು ಹೊಸ ಅಕ್ಷರ ಬರೆಯುತ್ತಾರೆ. ನಾಚಿಕೆಯ ಮಾತೇ ಇಲ್ಲ, ಬರೀ ಅಕ್ಷರ ಬದಲಾಗುತ್ತದೆ.

ಇಲಿ ಬಂದದ್ದು ಕರೆಂಟ್ ಕೇಬಲ್ ಒಳಗೆ ಹೋಗುವ ಕಿಂಡಿಯಿಂದ. ಪೆನ್ಸಿಲ್ ತೂರುವಷ್ಟು ಜಾಗ ಇದ್ದರೆ ಸಣ್ಣ ಇಲಿಗೆ ಸಾಕು. ಸ್ಪ್ರೇ ಫೋಮ್ ಒಂದನ್ನೇ ತುಂಬಿದರೆ ಕಚ್ಚಿ ಹಾಕುತ್ತದೆ. ಒಳಗೆ ಸ್ಟೀಲ್ ವುಲ್ (ಉಕ್ಕಿನ ನಾರು) ತುರುಕಿ ಮೇಲೆ ಸೀಲೆಂಟ್ ಹಾಕಬೇಕು. ವಿಷ ಇಡಬಾರದು, ಗೋಡೆಯೊಳಗೆ ಸತ್ತರೆ ಆ ವಾಸನೆ ತಿಂಗಳುಗಟ್ಟಲೆ. ನುಸಿಗುಳಿಗೆ ಇಡುವವರೂ ಇದ್ದಾರೆ. ಇಲಿ ಹೋಗುತ್ತದೋ ಇಲ್ಲವೋ, ನಿಮ್ಮ ಹಾಸಿಗೆಗೆ ಮಾತ್ರ ಆ ವಾಸನೆ ಖಾಯಂ.

ಟೈರ್ ವಿಷಯಕ್ಕೆ ಸ್ವಲ್ಪ ಜಗಳವೇ ಆಯಿತು. ಯಜಮಾನರು ಟೈರ್ ತೋರಿಸಿ, "ನೋಡಿ, ಹೊಸದರ ಹಾಗೇ ಇದೆ" ಅಂದರು. ಅಚ್ಚು ನಿಜವಾಗಲೂ ಚೆನ್ನಾಗಿತ್ತು. ಆದರೆ ಟ್ರೇಲರ್ ಟೈರ್ ಸವೆದು ಸಾಯುವುದು ಕಡಿಮೆ, ವಯಸ್ಸಾಗಿ ಸಾಯುವುದೇ ಜಾಸ್ತಿ. ಬಿಸಿಲಿಗೆ, ಒಂದೇ ಕಡೆ ನಿಂತ ಭಾರಕ್ಕೆ ರಬ್ಬರ್ ಒಳಗೊಳಗೇ ಒಣಗುತ್ತದೆ. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2318 ಅಂದರೆ 2018ರ 23ನೇ ವಾರ. ಆ ನಾಲ್ಕು ಅಂಕಿ ಟೈರಿನ ಒಂದೇ ಪಕ್ಕದಲ್ಲಿ ಇರುತ್ತದೆ. ಇವರದ್ದು ಒಳಮುಖಕ್ಕಿತ್ತು. ಮಲಗಿ ನೋಡುವ ಬದಲು ಅಮ್ಮ ಮೊಬೈಲನ್ನು ಚಕ್ರದ ಹಿಂದೆ ಹಿಡಿದು ವೀಡಿಯೊ ತೆಗೆದರು. ಏಳು ವರ್ಷ ದಾಟಿತ್ತು. ಐದಾರು ವರ್ಷಕ್ಕೆ ಬದಲಿಸಿ ಅಂತಲೇ ಸಾಮಾನ್ಯವಾಗಿ ಹೇಳುವುದು. ಒಂದೇ ಆಕ್ಸಲಿನ ಟ್ರೇಲರಿನಲ್ಲಿ ಒಂದು ಟೈರ್ ಸಿಡಿದರೆ ಭಾರ ಹೊರಲು ಆ ಪಕ್ಕದಲ್ಲಿ ಇನ್ನೊಂದು ಚಕ್ರ ಇಲ್ಲ. ಯಜಮಾನರು ಸುಮ್ಮನಾದರು. ಎರಡೂ ಬದಲಾದವು. ಸ್ಟೆಪ್ನಿಯೂ ಬದಲಾಯಿತು, ಅದು ಎಲ್ಲಕ್ಕಿಂತ ಹಳೆಯದಾಗಿತ್ತು.

ಬ್ಯಾಟರಿ ಮತ್ತು ಜ್ಯಾಕ್

ಇಲ್ಲಿ ಒಂದು ಒಳ್ಳೆಯ ತೀರ್ಮಾನ ಇನ್ನೊಂದು ಒಳ್ಳೆಯ ತೀರ್ಮಾನಕ್ಕೆ ಅಡ್ಡ ಬಂತು.

ಹಳೆಯದು ಲೆಡ್ ಆಸಿಡ್ ಬ್ಯಾಟರಿ. ಇಪ್ಪತ್ತು ಕೆಜಿಗೂ ಮೇಲೆ. ಎತ್ತಲಾಗದೆ ಅಲ್ಲೇ ಬಿಟ್ಟಿದ್ದರು. ಮೇನ್ ಸ್ವಿಚ್ ಆಫ್ ಆಗಿತ್ತು. ಆದರೆ ಎಷ್ಟೋ ಟ್ರೇಲರ್‌ಗಳಲ್ಲಿ ಗ್ಯಾಸ್ ಸೋರಿಕೆ ಪತ್ತೆ ಮಾಡುವ ಅಲಾರಂ ಆ ಸ್ವಿಚ್ ದಾಟಿ ನೇರ ಬ್ಯಾಟರಿಗೇ ಇರುತ್ತದೆ. ಅದು ಚೂರು ಚೂರೇ ಹೀರಿ ಖಾಲಿ ಮಾಡಿತ್ತು. ತುಂಬಿದ ಬ್ಯಾಟರಿ ಏನನ್ನೂ ಓಡಿಸದೆ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ, 12.1ರ ಹತ್ತಿರ ಬಂದರೆ ಅರ್ಧ ಖಾಲಿ. ಪೂರ್ತಿ ತುಂಬಿದ್ದು ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಮೈನಸ್ 10ರ ಹೊತ್ತಿಗೇ ಗಟ್ಟಿಯಾಗಿ ಹೊಟ್ಟೆ ಒಡೆದುಕೊಳ್ಳುತ್ತದೆ. ಇವರದ್ದು ಹಾಗೇ ಆಗಿತ್ತು. ನೆಗೆಟಿವ್ ವೈರ್ ಒಂದು ಕಳಚಿದ್ದರೆ ಉಳಿಯುತ್ತಿತ್ತು.

ಹೊಸದಾಗಿ ಲಿಥಿಯಂ ತೆಗೆದುಕೊಂಡರು. ಹನ್ನೆರಡು ಕೆಜಿ ಆಸುಪಾಸು, ಇಬ್ಬರಲ್ಲಿ ಯಾರು ಬೇಕಾದರೂ ಎತ್ತಿ ಮನೆಯೊಳಗೆ ಇಡಬಹುದು. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಅರ್ಧ ಚಾರ್ಜಿನಲ್ಲಿ ಇಟ್ಟರೆ ಒಳ್ಳೆಯದು. ಮನೆಗೆ ತಂದಿಟ್ಟರೆ ಎರಡೂ ಸುಲಭ. ಟ್ರೇಲರ್ ಒಳಗಿನ ಚಾರ್ಜರ್ ಲಿಥಿಯಂಗೆ ಹೊಂದುವುದಕ್ಕೆ ಬದಲಾಯಿತು. ಇದೇ ಹೊತ್ತಿಗೆ ಹಿಚ್ ಎತ್ತುವ ಕೈ ಜ್ಯಾಕ್ ತೆಗೆದು ಎಲೆಕ್ಟ್ರಿಕ್ ಜ್ಯಾಕ್ ಹಾಕಿಸಿದರು. ತಿರುಗಿಸಿ ತಿರುಗಿಸಿ ಯಜಮಾನರ ಭುಜ ಹಿಡಿದಿತ್ತು. ಈಗ ಬಟನ್ ಒತ್ತಿದರೆ ಸಾಕು.

ಚಳಿಗಾಲದ ನಡುವೆ ಟ್ರೇಲರ್ ನಿಲ್ಲಿಸಿದ ಜಾಗದವರು ಅದನ್ನು ಸ್ವಲ್ಪ ಸರಿಸಬೇಕು ಅಂದರು. ಇಬ್ಬರೂ ಹೋದರು. ಬಟನ್ ಒತ್ತಿದರು. ಏನೂ ಆಗಲಿಲ್ಲ. ಬ್ಯಾಟರಿ ಮನೆಯಲ್ಲಿ ಬೆಚ್ಚಗೆ ಕೂತಿತ್ತು. ಎಲೆಕ್ಟ್ರಿಕ್ ಜ್ಯಾಕಿಗೂ ಕೈಯಲ್ಲಿ ತಿರುಗಿಸುವ ಹಿಡಿ ಕೊಟ್ಟಿರುತ್ತಾರೆ. ಆ ಹಿಡಿಯೂ ಮನೆಯ ಡ್ರಾಯರಿನಲ್ಲಿ, ಬಿಲ್ಲಿನ ಜೊತೆ.

ನಗುವ ವಿಷಯ ಅಂದುಕೊಳ್ಳಬೇಡಿ. ಇದರ ಹಿಂದೆ ಇನ್ನೊಂದಿದೆ. ಓಡುವಾಗ ಟ್ರೇಲರ್ ಹಿಚ್‌ನಿಂದ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಯುವ ಒಂದು ಸ್ವಿಚ್ ಇರುತ್ತದೆ. ಅದು ಕೆಲಸ ಮಾಡುವುದು ಟ್ರೇಲರಿನ ಬ್ಯಾಟರಿಯಿಂದ. ಬ್ಯಾಟರಿ ಇಲ್ಲದೆ ರಸ್ತೆಗೆ ಎಳೆದರೆ ಆ ರಕ್ಷಣೆ ಇಲ್ಲ. ಅವರೇನೋ ಅವತ್ತು ಎಳೆಯಲಿಲ್ಲ, ಮನೆಗೆ ಹೋಗಿ ಬ್ಯಾಟರಿ ತಂದರು. ಪಟ್ಟಿಯ ಮೊದಲ ಸಾಲಾಗಿ "ಬ್ಯಾಟರಿ ಇಲ್ಲದೆ ಅಲ್ಲಾಡಿಸುವಂತಿಲ್ಲ" ಅಂತ ಸೇರಿತು. ಹಿಡಿ ಈಗ ಹಿಚ್ ಹತ್ತಿರದ ಪೆಟ್ಟಿಗೆಯಲ್ಲಿದೆ.

ರಸ್ತೆ ಮತ್ತು ರಾತ್ರಿ

ನಿಲ್ಲಿಸಿಡುವ ಕೆಲಸವನ್ನು ಹಂಚಿಕೊಂಡ ಮೇಲೆ ಓಡಿಸುವುದನ್ನೂ ಹಂಚಿಕೊಳ್ಳಬೇಕು ಅನಿಸಿತು. ಒಬ್ಬರಿಗೆ ದಾರಿಯಲ್ಲಿ ಹುಷಾರು ತಪ್ಪಿದರೆ ಇನ್ನೊಬ್ಬರು ಟ್ರೇಲರ್ ಸಮೇತ ಸಿಕ್ಕಿಹಾಕಿಕೊಳ್ಳುತ್ತಾರೆ, ಅಲ್ವಾ? ಅಮ್ಮ ಖಾಲಿ ಮೈದಾನದಲ್ಲಿ ಕಲಿತರು. ಹಿಂದಕ್ಕೆ ತೆಗೆಯುವಾಗ ಸ್ಟೀರಿಂಗಿನ ಕೆಳಭಾಗ ಹಿಡಿದು, ಟ್ರೇಲರ್ ಬಾಲ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿದರೆ ಸಾಕು. ಯಜಮಾನರು ಹಿಂದೆ ನಿಂತು ಕಿರುಚುವುದು ಬಿಟ್ಟು ಫೋನಿನ ಸ್ಪೀಕರಿನಲ್ಲಿ ಮಾತಾಡಿದರು. ಅವರ ಮದುವೆಗೆ ಇದರಿಂದ ಆದ ಲಾಭ ದೊಡ್ಡದು ಅಂತ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ.

ಟ್ರೇಲರ್ ಜೋರಿನಲ್ಲಿ ಓಲಾಡುತ್ತದೆ ಅಂತ ಅಮ್ಮ ಹೇಳಿದಾಗ ಯಜಮಾನರು ಗಾಳಿ ಅಂದರು. ವೇಬ್ರಿಡ್ಜಿಗೆ ಹೋಗಿ ತೂಕ ಹಾಕಿಸಿದರೆ ಕಾರಣ ಬೇರೆ. ಹಿಚ್ ಮೇಲೆ ಒಟ್ಟು ತೂಕದ 10ರಿಂದ 15 ಶೇಕಡಾ ಬೀಳಬೇಕು. ಇವರದ್ದಕ್ಕೆ 130ರಿಂದ 195 ಕೆಜಿ. ಅದು ನೂರು ಕೂಡ ಇರಲಿಲ್ಲ. ನೀರಿನ ಟ್ಯಾಂಕ್ ಆಕ್ಸಲಿನ ಹಿಂದೆ ಇದೆ. ಪೂರ್ತಿ ತುಂಬಿಸಿಕೊಂಡು ಹೊರಡುವ ಅಭ್ಯಾಸ. ಒಂದು ಲೀಟರ್ ಒಂದು ಕೆಜಿ, ಅಷ್ಟೂ ಭಾರ ಮೂತಿಯನ್ನು ಮೇಲಕ್ಕೆ ಎತ್ತುತ್ತಿತ್ತು. ಈಗ ದಾರಿಗೆ ಬೇಕಾದಷ್ಟೇ ತುಂಬಿಸಿ, ಉಳಿದದ್ದು ಹೋದ ಕಡೆ. ಓಲಾಟ ಶುರುವಾದರೆ ಕಾರಿನ ಬ್ರೇಕ್ ಒತ್ತಬಾರದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಟ್ರೇಲರಿನ ಬ್ರೇಕ್ ಮಾತ್ರ ಕೈಯಿಂದ ಮೆಲ್ಲಗೆ ಹಾಕಬೇಕು. ಆ ಹಿಡಿ ಎಲ್ಲಿದೆ ಅಂತ ಅಮ್ಮ ಈಗ ನೋಡದೆ ಮುಟ್ಟುತ್ತಾರೆ.

ಹಾಸಿಗೆಯ ವಿಷಯ ಅವರಾಗಿ ಹೇಳಲಿಲ್ಲ, ನಾನೇ ಕೇಳಿದೆ. ಮೂರು ಕಡೆ ಗೋಡೆ. ರಾತ್ರಿ ಎದ್ದು ಹೋಗಬೇಕಾದರೆ ಒಳಗೆ ಮಲಗಿದವರು ಹೊರಗಿನವರ ಮೇಲೆ ಹಾದು ಹೋಗಬೇಕು. ಅದಕ್ಕೇ ಯಜಮಾನರು ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದು ಟ್ರೇಲರಿನ ಸಮಸ್ಯೆ ಮಾತ್ರ ಆಗಿರಲಿಲ್ಲ. ಆ ಅಗಲ ಹಾಸಿಗೆ ತೆಗೆಸಿ, ನಡುವೆ ಓಣಿ ಬಿಟ್ಟು ಎರಡು ಒಂಟಿ ಹಾಸಿಗೆ ಮಾಡಿಸಿದರು. ಬಾಗಿಲಿಗೆ ಹಿಡಿಕೆ ಇರುವ ಅಗಲವಾದ ಮೆಟ್ಟಿಲು ಬಂತು. ಖರ್ಚಿನಲ್ಲಿ ಇದು ಚಿಕ್ಕದು, ಆದರೆ ಮುಂದಿನ ಸೀಸನ್ ಇಬ್ಬರೂ ಜಾಸ್ತಿ ದಿನ ಹೊರಗಿದ್ದದ್ದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ.

ಏನಾಯಿತು

ಆ ವರ್ಷ ಸೀಸನ್ ಮುಗಿಯುವ ಹೊತ್ತಿಗೆ ಯಜಮಾನರ ಭುಜಕ್ಕೆ ಆಪರೇಷನ್ ಆಯಿತು. ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಇಟ್ಟುಕೊಂಡಿದ್ದರು. ಅಮ್ಮ ಒಬ್ಬರೇ ಚಕ್ರಕ್ಕೆ ಅಡ್ಡ ಕೊಟ್ಟು, ಹಿಚ್ ಕಳಚಿ, ಪ್ರದಕ್ಷಿಣೆ ಹಾಕಿ, ಕ್ಯಾನಿನಿಂದ ಆಂಟಿಫ್ರೀಜ್ ಹೀರಿಸಿ, ಹೊರಗಿನ ಶವರಿನಲ್ಲಿ ಗುಲಾಬಿ ಬಣ್ಣ ಬಂದ ಫೋಟೋ ಗಂಡನಿಗೆ ಕಳಿಸಿದರು. ಸಿಂಕ್ ಕೆಳಗಿನ ಬಾಗಿದ ಪೈಪಿಗೂ, ಕಮೋಡಿಗೂ ಒಂದೊಂದು ಲೋಟ ಸುರಿದರು. ಸ್ಟೂಲ್ ಮೇಲೆ ಕೂತೇ.

ಚಳಿಗಾಲ ಕಳೆದು ತೆಗೆದಾಗ ಪಂಪ್ ಸರಿ, ವಾಲ್ವ್ ಸರಿ, ಇಲಿ ಇಲ್ಲ. ಪೈಪ್ ತೊಳೆದು, ಟ್ಯಾಂಕಿಗೆ ಬ್ಲೀಚ್ ಹಾಕಿದರು. ಲೆಕ್ಕ 57 ಲೀಟರ್ ನೀರಿಗೆ 60 ಎಂಎಲ್. ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವ ತನಕ ನೀರು ಹಾಯಿಸಿದರು. ಕಮೋಡಿನ ವಾಲ್ವಿನಲ್ಲಿ ಸಣ್ಣ ತೊಟ್ಟು ಸೋರಿಕೆ ಸಿಕ್ಕಿತು. ವಾಷರ್ ಒಣಗಿತ್ತು ಅಷ್ಟೇ. ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂಗಳ ಅವಧಿ ಮುಗಿದಿತ್ತು, ಹೊಸದು ಬಂತು.

ಎಲ್ಲ ಸರಿಹೋಗಿಲ್ಲ. ಆ ಮೂಲೆಯ ಪ್ಲೈವುಡ್ಡನ್ನು ಪೂರ್ತಿ ಬದಲಿಸಲಿಲ್ಲ. ಹೊರಗೋಡೆ ಬಿಚ್ಚಬೇಕಾಗುತ್ತಿತ್ತು, ಅಷ್ಟು ಖರ್ಚು ಈ ಟ್ರೇಲರಿಗೆ ತಕ್ಕದ್ದಲ್ಲ ಅಂತ ಬಿಟ್ಟರು. ಒಣಗಿಸಿ, ಗಟ್ಟಿ ಮಾಡುವ ಎಪಾಕ್ಸಿ ಇಳಿಸಿ ಮುಚ್ಚಿದ್ದಾರೆ. ಒತ್ತಿದರೆ ಈಗಲೂ ಬೇರೆ ಕಡೆಯಷ್ಟು ಗಟ್ಟಿ ಇಲ್ಲ. ಮೀಟರಿನ ಅಂಕಿಯನ್ನು ಅದೇ ಟೇಪ್ ಮೇಲೆ ತಾರೀಖಿನ ಜೊತೆ ಬರೆಯುತ್ತಾ ಇದ್ದಾರೆ. ಸದ್ಯಕ್ಕೆ ಏರಿಲ್ಲ.

ಬೇರೆಯವರಿಗೆ ಇದರಲ್ಲಿ ಏನಿದೆ

ಹಿರಿಯರ ಟ್ರೇಲರ್ ನೋಡುವಾಗ ನಾನು ಈಗ ಏನು ಕೆಟ್ಟಿದೆ ಅಂತ ಶುರು ಮಾಡುವುದಿಲ್ಲ. ಯಾವ ಜಾಗಕ್ಕೆ ಕೈ ಹೋಗಿಲ್ಲ ಅಂತ ನೋಡುತ್ತೇನೆ. ಕೆಳಗೆ, ಒಳಗೆ, ಮೇಲೆ. ಮೈ ಯಾವಾಗ ಸೋತಿತು ಅನ್ನುವುದನ್ನು ಟ್ರೇಲರೇ ಹೇಳುತ್ತದೆ, ಮನುಷ್ಯರು ಬೇಗ ಹೇಳುವುದಿಲ್ಲ. ಇವರ ಮನೆಯಲ್ಲಿ ಎರಡು ವರ್ಷ ಯಾರೂ ಹೇಳಿರಲಿಲ್ಲ. ಯಜಮಾನರಿಗೆ ಕೆಲಸ ಗೊತ್ತಿತ್ತು, ಅಮ್ಮನಿಗೆ ಮಂಡಿ ಗಟ್ಟಿ ಇತ್ತು. ಎರಡೂ ಒಂದೇ ಕಡೆ ಸೇರಿರಲಿಲ್ಲ.

ಮಕ್ಕಳಿಗೂ ಒಂದು ಮಾತು. "ಮಾರಿಬಿಡಿ" ಅನ್ನುವುದು ಸುಲಭ. ಅದರ ಬದಲು ಚಾವಣಿ ನೋಡಿಸುವ ಖರ್ಚು ನಾವು ಕೊಡುತ್ತೇವೆ ಅಂದರೆ ಅಪ್ಪ-ಅಮ್ಮನಿಗೆ ಜಾಸ್ತಿ ಉಪಯೋಗ. ಈ ಮನೆಯ ಮಗಳು ಕೊನೆಗೆ ಮಾಡಿದ್ದೂ ಅದನ್ನೇ.

ಮಾರುವ ವಿಷಯ ಮುಗಿದಿಲ್ಲ. ಅವರು ಮೂರು ಷರತ್ತು ಬರೆದು ಇಬ್ಬರೂ ಸಹಿ ಹಾಕಿ ಪಟ್ಟಿಯ ಹಿಂಬದಿಗೆ ಅಂಟಿಸಿದ್ದಾರೆ. ಇಬ್ಬರಲ್ಲಿ ಒಬ್ಬರಿಗೂ ಸ್ಟೂಲ್ ಮೇಲೆ ಕೂತು ಹಿಚ್‌ನ ಸರಪಳಿ ಹಾಕಲು ಆಗದ ದಿನ. ಕಣ್ಣಿನ ಡಾಕ್ಟರು ಇಬ್ಬರಿಗೂ ಓಡಿಸಬೇಡಿ ಅಂದ ದಿನ. ಮೂಲೆಯ ಮೀಟರ್ 20 ದಾಟಿದ ದಿನ. ಮೂರರಲ್ಲಿ ಯಾವುದು ಮೊದಲು ಬಂದರೂ, ರಿಪೇರಿಯ ಬಿಲ್ಲು, ಚಾವಣಿಯ ಫೋಟೋ, ಆ ಟೇಪ್ ಮೇಲಿನ ಅಂಕಿ, ಎಲ್ಲವನ್ನೂ ಕೊಳ್ಳುವವರ ಕೈಗೆ ಕೊಡುವುದು ಅಂತ ಒಪ್ಪಂದ. ಮೂರನೆಯ ಷರತ್ತು 18ಕ್ಕೇ ಇರಲಿ ಅಂತ ಅಮ್ಮ ಹೇಳುತ್ತಿದ್ದಾರೆ, ಯಜಮಾನರು ಇನ್ನೂ ಒಪ್ಪಿಲ್ಲ.